ವೀರ್ಯದಾನಿಯ ಅರ್ಹತೆ: ಕಾಯ್ದೆಯ ಅಂಕಿಗಳಿಗೆ ಆಧಾರವೇನು?

ಪತಿಯಲ್ಲಿ ವೀರ್ಯಾಣುಗಳೇ ಇಲ್ಲದಿದ್ದಾಗ, ಅಥವಾ ಆತನಿಂದ ತೀವ್ರವಾದ ಆನುವಂಶಿಕ ರೋಗವೊಂದು ಮಗುವಿಗೆ ದಾಟುವ ಅಪಾಯವಿದ್ದಾಗ, ದಂಪತಿಗಳು ದಾನಿಯೊಬ್ಬನ ವೀರ್ಯವನ್ನು ಬಳಸಿ ಮಗುವನ್ನು ಪಡೆಯುವುದುಂಟು. ವೈದ್ಯಕೀಯ ದೃಷ್ಟಿಯಿಂದ ಇದು ಸರಳವೂ ಹಳೆಯದೂ ಆದ ಚಿಕಿತ್ಸೆ. ಈ ದಾನಿ ಯಾರಾಗಬಹುದು, ಯಾರಾಗಬಾರದು? ನಮ್ಮ ದೇಶದಲ್ಲಿ ಬಹುಕಾಲ ಈ ಪ್ರಶ್ನೆಗೆ ಕಾನೂನಿನ ಉತ್ತರವಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2005ರಲ್ಲಿ ಹೊರತಂದ ಮಾರ್ಗಸೂಚಿಗಳೇ ಆಧಾರವಾಗಿದ್ದವು. ಅವು ಸಲಹೆಗಳಾಗಿದ್ದವೇ ಹೊರತು ಕಾನೂನಾಗಿರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಸಂಸತ್ತು ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆಯನ್ನು ಅಂಗೀಕರಿಸಿತು. 2022ರ ಜನವರಿಯಲ್ಲಿ ಅದು ಜಾರಿಗೆ ಬಂದಿತು. ಅದೇ ವರ್ಷ ಜೂನ್‌ನಲ್ಲಿ ನಿಯಮಾವಳಿಯೂ ಪ್ರಕಟವಾಯಿತು.

ಕಾನೂನು ಬಂದದ್ದು ಒಳ್ಳೆಯದೇ. ಆದರೆ ಕಾನೂನಿನಲ್ಲಿ ಅಂಕಿಗಳಿವೆ. ಇಷ್ಟು ವಯಸ್ಸು, ಇಂತಿಷ್ಟು ಪರೀಕ್ಷೆ, ಇಷ್ಟೇ ದಂಪತಿಗಳು ಎಂದು ಅದು ಗೆರೆ ಎಳೆಯುತ್ತದೆ. ಅಂಕಿಯೊಂದನ್ನು ಕಂಡಾಗ ಅದು ಯಾವ ಅಳತೆಯಿಂದ ಬಂದಿತು, ಅದರಲ್ಲಿ ದೋಷವೆಷ್ಟು ಎಂದು ಕೇಳುವುದು ಭೌತವಿಜ್ಞಾನ ಕಲಿಸುವವರ ಅಭ್ಯಾಸ. ಈ ಲೇಖನದಲ್ಲಿ ಮಾಡಹೊರಟಿರುವುದು ಅಷ್ಟೇ. ಅರ್ಹತೆಯ ಒಂದೊಂದು ನಿಬಂಧನೆಯನ್ನೂ ಎತ್ತಿಕೊಂಡು, ಅದು ಯಾವ ಅಪಾಯವನ್ನು ತಡೆಯಲು ಬಂದಿದೆ, ನಿಜಕ್ಕೂ ತಡೆಯುತ್ತದೆಯೇ ಎಂದು ಪರಿಶೀಲಿಸೋಣ.

ಕಾಯ್ದೆ ಏನು ಹೇಳುತ್ತದೆ?

ಕಾಯ್ದೆಯ 27ನೆಯ ಪ್ರಕರಣದಂತೆ ದಾನಿಗಳನ್ನು ತಪಾಸಣೆ ಮಾಡುವುದು, ವೀರ್ಯವನ್ನು ಸಂಗ್ರಹಿಸುವುದು, ಕಾಪಿಡುವುದು ಇವೆಲ್ಲವೂ ನೋಂದಾಯಿತ ಬ್ಯಾಂಕಿನ ಕೆಲಸ. ದಾನಿಯ ವಯಸ್ಸು 21ರಿಂದ 55 ವರ್ಷಗಳ ಒಳಗಿರಬೇಕು. ದಾನಿಯ ಹೆಸರು, ಆಧಾರ್ ಸಂಖ್ಯೆ, ವಿಳಾಸಗಳನ್ನು ಬ್ಯಾಂಕು ಪಡೆದಿಡಬೇಕು. ಒಬ್ಬ ದಾನಿಯ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗಳಿಗೆ ಕೊಡುವಂತಿಲ್ಲ. ಎಚ್‌ಐವಿಯ ಎರಡೂ ಬಗೆಗಳು, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಸಿಫಿಲಿಸ್ ರೋಗಗಳಿಗಾಗಿ ದಾನಿಯನ್ನು ಪರೀಕ್ಷಿಸಬೇಕೆಂದು ನಿಯಮಾವಳಿ ಹೇಳುತ್ತದೆ. ಹುಟ್ಟಿದ ಮಗುವನ್ನು ಕಾನೂನು ಆ ದಂಪತಿಯ ಸ್ವಂತ ಮಗುವೆಂದೇ ಪರಿಗಣಿಸುತ್ತದೆ. ದಾನಿಗೆ ತಂದೆಯ ಹಕ್ಕುಗಳಾವುವೂ ಇರುವುದಿಲ್ಲ.

2005ರ ಮಾರ್ಗಸೂಚಿಯೊಂದಿಗೆ ಇದನ್ನು ಹೋಲಿಸಿ ನೋಡಿ. ಅಲ್ಲಿ ವಯೋಮಿತಿ 21ರಿಂದ 45 ಎಂದಿತ್ತು. ಸೋಂಕುಗಳಲ್ಲದೆ ರಕ್ತದೊತ್ತಡ, ಮಧುಮೇಹ, ಥಲಸ್ಸೀಮಿಯಾದಂತಹ ಸಾಮಾನ್ಯ ಆನುವಂಶಿಕ ರೋಗಗಳೂ ದಾನಿಗೆ ಇರಬಾರದು ಎಂದಿತ್ತು. ವೀರ್ಯವು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ ಪ್ರಕಾರ ಸಾಮಾನ್ಯವಾಗಿರಬೇಕಿತ್ತು. ಎತ್ತರ, ತೂಕ, ಚರ್ಮ ಮತ್ತು ಕಣ್ಣಿನ ಬಣ್ಣ, ವಿದ್ಯಾರ್ಹತೆ, ಉದ್ಯೋಗ, ಮನೆತನದ ರೋಗಗಳ ವಿವರ ಎಲ್ಲವನ್ನೂ ದಾಖಲಿಸಬೇಕಿತ್ತು. ಬಂಧುಗಳ ಅಥವಾ ಪರಿಚಿತ ಸ್ನೇಹಿತರ ವೀರ್ಯವನ್ನು ಬಳಸುವಂತಿರಲಿಲ್ಲ.

ಸೋಂಕು: ಎರಡನೆಯ ಪರೀಕ್ಷೆಯೇ ಮುಖ್ಯ

ಮೊದಲು ಸೋಂಕಿನ ವಿಷಯ. ಇಲ್ಲಿ ನಿಬಂಧನೆಗಳ ಆಧಾರ ಗಟ್ಟಿಯಾಗಿದೆ. 1985ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಒಂದು ಪ್ರಕರಣವನ್ನು ವರದಿ ಮಾಡಿದರು. ರೋಗಲಕ್ಷಣಗಳೇ ಇಲ್ಲದ ಒಬ್ಬ ದಾನಿಯ ಘನೀಕರಿಸಿದ ವೀರ್ಯದಿಂದ ನಾಲ್ವರು ಮಹಿಳೆಯರಿಗೆ ಏಡ್ಸ್‌ನ ವೈರಸ್ ತಗುಲಿತ್ತು. ವೀರ್ಯವನ್ನು ಹಿಮಗಟ್ಟಿಸಿದರೆ ವೈರಸ್ ಸಾಯುವುದಿಲ್ಲ ಎಂಬುದನ್ನು ವೈದ್ಯಲೋಕ ಹೀಗೆ ಕಲಿಯಬೇಕಾಯಿತು. ವೀರ್ಯಾಣುವನ್ನು ಉಳಿಸುವ ಅದೇ ಶೈತ್ಯ ವೈರಸನ್ನೂ ಉಳಿಸುತ್ತದೆ.

ಆದರೆ ಒಂದು ಬಾರಿಯ ರಕ್ತಪರೀಕ್ಷೆ ಸಾಲದು. ಸೋಂಕು ತಗುಲಿದ ದಿನದಿಂದ ಪರೀಕ್ಷೆಯಲ್ಲಿ ಅದು ಕಾಣಿಸಿಕೊಳ್ಳುವವರೆಗೆ ಒಂದು ಅಂತರವಿರುತ್ತದೆ. ಇದನ್ನು ‘ಗವಾಕ್ಷಿ ಅವಧಿ’ ಎನ್ನುತ್ತಾರೆ. ದೇಹ ತಯಾರಿಸುವ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆಗಳಲ್ಲಿ ಈ ಅವಧಿ ಕೆಲವು ವಾರಗಳಿಂದ ಮೂರು ತಿಂಗಳವರೆಗೆ ಇರಬಹುದು. ಈ ಅವಧಿಯಲ್ಲಿ ದಾನಿಯ ವರದಿ ಶುದ್ಧವಾಗಿಯೇ ಬರುತ್ತದೆ, ವೀರ್ಯದಲ್ಲಿ ಮಾತ್ರ ವೈರಸ್ ಇರುತ್ತದೆ. ಇದಕ್ಕಾಗಿ 2005ರ ಮಾರ್ಗಸೂಚಿ ಒಂದು ಉಪಾಯವನ್ನು ಹೇಳಿತ್ತು. ವೀರ್ಯವನ್ನು ಕನಿಷ್ಠ 6 ತಿಂಗಳು ಘನೀಕರಿಸಿಡಿ, ಆಮೇಲೆ ದಾನಿಯನ್ನು ಮತ್ತೊಮ್ಮೆ ಪರೀಕ್ಷಿಸಿ, ಆಗಲೂ ಸೋಂಕು ಇಲ್ಲವೆಂದಾದರೆ ಮಾತ್ರ ಹಿಂದಿನ ಸಂಗ್ರಹವನ್ನು ಬಳಸಿ ಎಂಬುದೇ ಆ ಉಪಾಯ. ಆರು ತಿಂಗಳ ನಂತರದ ರಕ್ತ ಆರು ತಿಂಗಳ ಹಿಂದಿನ ವೀರ್ಯಕ್ಕೆ ಸಾಕ್ಷಿ ನುಡಿಯುತ್ತದೆ. ದಂಪತಿಗಳಾಗಿ ನೀವು ಬ್ಯಾಂಕೊಂದಕ್ಕೆ ಹೋದರೆ ಕೇಳಬೇಕಾದ ಮೊದಲ ಪ್ರಶ್ನೆ ಇದು: ಎರಡನೆಯ ಪರೀಕ್ಷೆಯ ದಿನಾಂಕ ಯಾವುದು?

ಕಾಯುವುದರಿಂದ ವೀರ್ಯಕ್ಕೆ ನಷ್ಟವೇನೂ ಇಲ್ಲ. ದ್ರವ ನೈಟ್ರೋಜನ್‌ನ ಉಷ್ಣತೆ ಮೈನಸ್ 196 ಡಿಗ್ರಿ ಸೆಲ್ಸಿಯಸ್. ಅಲ್ಲಿ ರಾಸಾಯನಿಕ ಕ್ರಿಯೆಗಳು ನಿಂತಂತೆಯೇ ಸರಿ. ಹಾನಿಯಾಗುವುದು ಹಿಮಗಟ್ಟುವ ಮತ್ತು ಕರಗಿಸುವ ಕ್ಷಣಗಳಲ್ಲಿ. ಶೇಖರಣೆಯ ಕಾಲದಲ್ಲಿ ಹೆಚ್ಚೇನೂ ಆಗುವುದಿಲ್ಲ. 21 ವರ್ಷ ಶೇಖರಿಸಿಟ್ಟ ವೀರ್ಯದಿಂದ ಮಗು ಹುಟ್ಟಿದ್ದನ್ನು ಬ್ರಿಟನ್ನಿನ ವೈದ್ಯರು 2004ರಲ್ಲಿ ವರದಿ ಮಾಡಿದ್ದಾರೆ.

ಎಣಿಕೆಯಲ್ಲಿರುವ ತೊಡಕು

ಎರಡನೆಯದು ವೀರ್ಯದ ಗುಣಮಟ್ಟ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ ಆರನೆಯ ಆವೃತ್ತಿ (2021) ಕೆಲವು ಕೆಳಮಿತಿಗಳನ್ನು ಕೊಡುತ್ತದೆ. ಒಂದು ಬಾರಿಯ ವೀರ್ಯದ ಗಾತ್ರ 1.4 ಮಿಲಿಲೀಟರ್, ಪ್ರತಿ ಮಿಲಿಲೀಟರಿನಲ್ಲಿ 1.6 ಕೋಟಿ ವೀರ್ಯಾಣುಗಳು, ಒಟ್ಟು 3.9 ಕೋಟಿ, ಅವುಗಳಲ್ಲಿ ಚಲಿಸುವಂಥವು ಶೇಕಡ 42, ಸರಿಯಾದ ಆಕಾರದವು ಶೇಕಡ 4. ಕೊನೆಯ ಅಂಕಿಯನ್ನು ನೋಡಿ ಗಾಬರಿಯಾಗಬೇಡಿ. ಆರೋಗ್ಯವಂತ ಗಂಡಸರಲ್ಲೂ ಬಹುಪಾಲು ವೀರ್ಯಾಣುಗಳು ಆದರ್ಶ ಆಕಾರದಲ್ಲಿರುವುದಿಲ್ಲ.

ಈ ಅಂಕಿಗಳು ಎಲ್ಲಿಂದ ಬಂದವು? ಒಂದು ವರ್ಷದೊಳಗೆ ಪತ್ನಿ ಗರ್ಭ ಧರಿಸಿದ ಗಂಡಸರನ್ನು ಪರೀಕ್ಷಿಸಿ, ಅವರನ್ನು ಏರಿಕೆಯ ಕ್ರಮದಲ್ಲಿ ನಿಲ್ಲಿಸಿ, ತಳದ ಶೇಕಡ 5ರ ಬಳಿ ಗೆರೆ ಎಳೆದರು. ಅಂದರೆ ಈ ಗೆರೆಯ ಕೆಳಗಿದ್ದೂ ತಂದೆಯಾದವರು ನೂರಕ್ಕೆ ಐವರು. ಇದನ್ನು ಬಂಜೆತನದ ಗಡಿ ಎಂದು ಓದುವುದು ತಪ್ಪು. ದಾನಿಯ ಉತ್ತೀರ್ಣಾಂಕ ಎಂದು ಓದುವುದೂ ತಪ್ಪು. ದಾನಿಯ ವೀರ್ಯ ಹಿಮಗಟ್ಟಿ ಕರಗಬೇಕು, ಆ ಹಂತದಲ್ಲಿ ಸುಮಾರು ಅರ್ಧದಷ್ಟು ವೀರ್ಯಾಣುಗಳು ಚಲನೆಯನ್ನು ಕಳೆದುಕೊಳ್ಳುವುದು ಸಾಮಾನ್ಯ. ಆದ್ದರಿಂದ ಅಳೆಯಬೇಕಾದದ್ದು ಕರಗಿಸಿದ ನಂತರ ಉಳಿದ ಚಲಿಸುವ ವೀರ್ಯಾಣುಗಳನ್ನು.

ಎಣಿಸುವ ಕ್ರಿಯೆಯಲ್ಲೇ ಇನ್ನೊಂದು ತೊಡಕಿದೆ. ಗೈಗರ್ ಎಣಿಕಾರಿಯ ಪ್ರಯೋಗ ಮಾಡಿದ ಯಾವ ಪದವಿ ವಿದ್ಯಾರ್ಥಿಗೂ ಇದು ಗೊತ್ತು. ಯಾದೃಚ್ಛಿಕವಾಗಿ ಹರಡಿದ ಕಣಗಳನ್ನು ಎಣಿಸುವಾಗ ಬರುವ ದೋಷ, ಎಣಿಕೆಯ ವರ್ಗಮೂಲದಷ್ಟಿರುತ್ತದೆ. ಸೂಕ್ಷ್ಮದರ್ಶಕದಡಿ 25 ವೀರ್ಯಾಣುಗಳನ್ನು ಮಾತ್ರ ಎಣಿಸಿ ಲೆಕ್ಕ ಹಾಕಿದರೆ ದೋಷ 5, ಅಂದರೆ ಶೇಕಡ 20. 400 ಎಣಿಸಿದರೆ ದೋಷ 20, ಅಂದರೆ ಶೇಕಡ 5. ಕೈಪಿಡಿ ಎರಡು ಸಲ ತಲಾ 200ಕ್ಕೆ ಕಡಿಮೆಯಾಗದಂತೆ ಎಣಿಸಿ ಎನ್ನುವುದು ಈ ಕಾರಣಕ್ಕೇ. ಒಬ್ಬನೇ ವ್ಯಕ್ತಿಯಲ್ಲಿ ದಿನದಿಂದ ದಿನಕ್ಕೆ ಆಗುವ ಏರಿಳಿತ ಇದರ ಮೇಲೆ ಬೇರೆ. ಒಂದೇ ಮಾದರಿ, ಅವಸರದ ಒಂದೇ ಎಣಿಕೆ, ಅದರಿಂದ ‘ಅರ್ಹ’ ಎಂಬ ಮುದ್ರೆ ಎಂದಾದರೆ ಆ ಮುದ್ರೆಗೆ ಬೆಲೆಯಿಲ್ಲ.

55 ಎಲ್ಲಿಂದ ಬಂತು?

ಈಗ ವಯಸ್ಸಿಗೆ ಬರೋಣ. ಕೆಳಮಿತಿ 21 ಎಂಬುದು ಜೀವವಿಜ್ಞಾನದ ಅಂಕಿಯಲ್ಲ. ತನ್ನ ದಾನದ ಪರಿಣಾಮವನ್ನು ಅರಿತು ಒಪ್ಪಿಗೆ ಕೊಡುವಷ್ಟು ಪ್ರಬುದ್ಧತೆ ಬರಲಿ ಎಂಬ ಆಶಯದ್ದು. ಅದಕ್ಕೆ ತಕರಾರಿಲ್ಲ. ತಕರಾರು ಇರುವುದು ಮೇಲ್ಮಿತಿಯ ಬಗ್ಗೆ.

ಹೆಣ್ಣು ಹುಟ್ಟುವಾಗಲೇ ಅವಳ ಅಂಡಾಶಯದಲ್ಲಿ ಅಂಡಾಣುಗಳ ಆರಂಭಿಕ ರೂಪ ಸಿದ್ಧವಾಗಿರುತ್ತದೆ. ಆ ಹಂತಕ್ಕೆ ಬರಲು ಸುಮಾರು 24 ಕೋಶವಿಭಜನೆಗಳು ಸಾಕು. ಗಂಡಿನಲ್ಲಿ ಹಾಗಲ್ಲ. ವೃಷಣದ ಆಕರಕೋಶಗಳು ಪ್ರೌಢಾವಸ್ಥೆಯಿಂದ ಮುಂದೆ ವರ್ಷಕ್ಕೆ ಸುಮಾರು 23 ಬಾರಿ ವಿಭಜನೆಯಾಗುತ್ತಲೇ ಇರುತ್ತವೆ. 20 ವರ್ಷದವನ ವೀರ್ಯಾಣುವಿನ ಹಿಂದೆ ಸುಮಾರು 150 ವಿಭಜನೆಗಳಿದ್ದರೆ, 30ರಲ್ಲಿ 380, 40ರಲ್ಲಿ 610. ಇದೇ ಲೆಕ್ಕವನ್ನು ಮುಂದುವರಿಸಿದರೆ 55ರಲ್ಲಿ 950 ದಾಟುತ್ತದೆ. ಪ್ರತಿ ವಿಭಜನೆಯೂ ಡಿಎನ್‌ಎಯ ಒಂದು ನಕಲು. ನಕಲು ಮಾಡುವಾಗ ತಪ್ಪುಗಳಾಗುತ್ತವೆ. ಇವೇ ಉತ್ಪರಿವರ್ತನೆಗಳು.

ಈ ಊಹೆಗೆ ಶತಮಾನದ ಇತಿಹಾಸವಿದೆ. ಅಕಾಂಡ್ರೋಪ್ಲಾಸಿಯಾ ಎಂಬ ಕುಬ್ಜತೆ ಕೊನೆಯಲ್ಲಿ ಹುಟ್ಟಿದ ಮಕ್ಕಳಲ್ಲೇ ಹೆಚ್ಚಾಗಿ ಕಾಣುವುದನ್ನು ಜರ್ಮನಿಯ ವೈದ್ಯ ವಿಲ್‌ಹೆಲ್ಮ್ ವೈನ್‌ಬರ್ಗ್ 1912ರಲ್ಲಿ ಗಮನಿಸಿದ್ದ. ಅದಕ್ಕೆ ಕಾರಣ ತಂದೆಯ ವಯಸ್ಸು ಎಂದು 1955ರಲ್ಲಿ ಲಯೊನೆಲ್ ಪೆನ್‌ರೋಸ್ ತೋರಿಸಿದರು. ಹೀಮೋಫಿಲಿಯಾದ ಅಂಕಿಗಳನ್ನು ಪರಿಶೀಲಿಸಿದ ಜೆ. ಬಿ. ಎಸ್. ಹಾಲ್ಡೇನ್, ಉತ್ಪರಿವರ್ತನೆಗಳು ಗಂಡಿನಲ್ಲೇ ಹೆಚ್ಚು ಎಂದು 1947ರಲ್ಲಿ ತೀರ್ಮಾನಿಸಿದರು. ಹತ್ತು ವರ್ಷಗಳ ನಂತರ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನ್ ಇವರೇ.

ನೇರ ಅಳತೆ ಸಾಧ್ಯವಾದದ್ದು 2012ರಲ್ಲಿ. ಐಸ್‌ಲೆಂಡಿನ ವಿಜ್ಞಾನಿಗಳು 78 ಕುಟುಂಬಗಳಲ್ಲಿ ತಂದೆ, ತಾಯಿ, ಮಗು ಮೂವರ ಡಿಎನ್‌ಎಯನ್ನೂ ಪೂರ್ತಿಯಾಗಿ ಓದಿ, ತಂದೆತಾಯಿಯರಲ್ಲಿಲ್ಲದೆ ಮಗುವಿನಲ್ಲಿ ಮಾತ್ರ ಇರುವ ಬದಲಾವಣೆಗಳನ್ನು ಎಣಿಸಿದರು. 20 ವರ್ಷದ ತಂದೆಯಿಂದ ಸುಮಾರು 25 ಹೊಸ ಉತ್ಪರಿವರ್ತನೆಗಳು ಮಗುವಿಗೆ ಬರುತ್ತವೆ, 40 ವರ್ಷದ ತಂದೆಯಿಂದ ಸುಮಾರು 65. ಅಂದರೆ ವರ್ಷಕ್ಕೆ ಎರಡರಂತೆ ಏರಿಕೆ. 2017ರಲ್ಲಿ 1,548 ಕುಟುಂಬಗಳ ಅಧ್ಯಯನ ಇದನ್ನು ತಂದೆಗೆ ವರ್ಷಕ್ಕೆ 1.51, ತಾಯಿಗೆ 0.37 ಎಂದು ಪರಿಷ್ಕರಿಸಿತು. ಎರಡರಲ್ಲಿ ಯಾವುದನ್ನೇ ತೆಗೆದುಕೊಳ್ಳಿ, 30 ವರ್ಷದ ದಾನಿಗಿಂತ 55 ವರ್ಷದ ದಾನಿಯಿಂದ ಮಗುವಿಗೆ 38ರಿಂದ 50ರಷ್ಟು ಹೆಚ್ಚು ಹೊಸ ತಪ್ಪುಗಳು ಬರುತ್ತವೆ.

ಇದನ್ನು ಉತ್ಪ್ರೇಕ್ಷಿಸಬಾರದು. ನಮ್ಮ ಡಿಎನ್‌ಎಯಲ್ಲಿ ಪ್ರೋಟೀನಿಗೆ ಸಂಕೇತವಾಗಿರುವ ಭಾಗ ಶೇಕಡ ಒಂದೂವರೆಯಷ್ಟು. 50 ಹೆಚ್ಚುವರಿ ತಪ್ಪುಗಳಲ್ಲಿ ಅಲ್ಲಿ ಬೀಳುವುದು ಸರಾಸರಿ ಒಂದಕ್ಕಿಂತ ಕಡಿಮೆ, ಅದೂ ಬಹುಪಾಲು ನಿರುಪದ್ರವಿ. ಆದರೆ ಎಲ್ಲವೂ ಹೀಗೆ ಸರಳವಾಗಿಲ್ಲ. ಅಕಾಂಡ್ರೋಪ್ಲಾಸಿಯಾದಂತಹ ಕೆಲವು ರೋಗಗಳಲ್ಲಿ, ಉತ್ಪರಿವರ್ತನೆಗೊಂಡ ಆಕರಕೋಶ ವೃಷಣದೊಳಗೆ ತನ್ನ ಅಕ್ಕಪಕ್ಕದ ಕೋಶಗಳಿಗಿಂತ ಹೆಚ್ಚು ವೃದ್ಧಿಯಾಗುತ್ತ ಹೋಗುತ್ತದೆ. ಅಂಥ ರೋಗಗಳ ಅಪಾಯ ವಯಸ್ಸಿನೊಂದಿಗೆ ಇನ್ನೂ ಬೇಗ ಏರುತ್ತದೆ.

50 ದಾಟಿದ ಗಂಡಸು ತನ್ನದೇ ಮಗುವನ್ನು ಬಯಸಿದರೆ ಈ ಚಿಕ್ಕ ಅಪಾಯವನ್ನು ಒಪ್ಪಿಕೊಳ್ಳುವುದು ಅವನ, ಅವನ ಹೆಂಡತಿಯ ನಿರ್ಧಾರ. ಬೇರೊಬ್ಬ ವ್ಯಕ್ತಿ ಅವನ ಜಾಗದಲ್ಲಿ ನಿಲ್ಲಲಾರ. ದಾನಿಯ ವಿಷಯ ಹಾಗಲ್ಲ. 50ರ ದಾನಿಯ ಬದಲು 30ರ ದಾನಿಯನ್ನು ಆರಿಸಲು ಯಾವ ಅಡ್ಡಿಯೂ ಇಲ್ಲ. ತಪ್ಪಿಸಬಹುದಾದ ಅಪಾಯವನ್ನು, ಅದೆಷ್ಟೇ ಚಿಕ್ಕದಿರಲಿ, ಮಗುವಿನ ಮೇಲೆ ಹೇರಲು ಕಾರಣ ಬೇಕು. ಕಾಯ್ದೆಯಲ್ಲಿ ಚಿಕಿತ್ಸೆ ಪಡೆಯುವ ಪುರುಷನಿಗೂ ಮೇಲ್ಮಿತಿ 55ರ ಆಸುಪಾಸಿನಲ್ಲೇ ಇದೆ. ಎರಡಕ್ಕೂ ಒಂದೇ ಅಂಕಿ ಹೊಂದುವುದಿಲ್ಲ. ಬ್ರಿಟನ್ನಿನಲ್ಲಿ ದಾನಿಗಳ ಮೇಲ್ಮಿತಿ 45. ನಮ್ಮಲ್ಲೂ ಅದೇ ಇತ್ತು. ಐಸ್‌ಲೆಂಡಿನ ಅಳತೆ ಬಂದ ಮೇಲೆ ಮಿತಿ ಕೆಳಗಿಳಿಯಬೇಕಿತ್ತು, ಇಲ್ಲವೇ ಇದ್ದಲ್ಲೇ ಇರಬೇಕಿತ್ತು. ಅದು ಹತ್ತು ವರ್ಷ ಮೇಲೇರಿತು.

ವಾಹಕನಾಗಿರುವುದು ಅನರ್ಹತೆಯೇ?

ಬೀಟಾ ಥಲಸ್ಸೀಮಿಯಾದ ವಾಹಕರು ಭಾರತದಲ್ಲಿ ನೂರಕ್ಕೆ ಮೂರು–ನಾಲ್ಕು ಮಂದಿ ಇದ್ದಾರೆಂಬುದು ಸಾಮಾನ್ಯ ಅಂದಾಜು. ವಾಹಕ ಆರೋಗ್ಯವಂತನಾಗಿಯೇ ಇರುತ್ತಾನೆ. ದಾನಿಯೂ ಮಹಿಳೆಯೂ ಇಬ್ಬರೂ ವಾಹಕರಾಗಿದ್ದರೆ ಮಾತ್ರ ಮಗುವಿಗೆ ರೋಗ ಬರುವ ಸಂಭಾವ್ಯತೆ ನಾಲ್ಕರಲ್ಲೊಂದು. ಯಾರನ್ನೂ ಪರೀಕ್ಷಿಸದೆ ಜೋಡಿಸಿದರೆ ಹತ್ತು ಸಾವಿರಕ್ಕೆ ಸುಮಾರು ಮೂರು ಮಕ್ಕಳಿಗೆ ರೋಗ ಬಂದೀತು. ಜೀವನಪರ್ಯಂತ ರಕ್ತ ಕೊಡಿಸುತ್ತ ಬಾಳಿಸಬೇಕಾದ ಮಗು ಎಂಬುದನ್ನು ನೆನೆದರೆ ಇದು ಸಣ್ಣ ಸಂಖ್ಯೆಯಲ್ಲ. ಇಬ್ಬರಲ್ಲಿ ಒಬ್ಬರು ವಾಹಕರಲ್ಲ ಎಂದು ಖಚಿತವಾದರೂ ಸಾಕು, ಅಪಾಯ ಬಹುತೇಕ ಇಲ್ಲವಾಗುತ್ತದೆ. ಪರೀಕ್ಷೆಯ ವೆಚ್ಚವೂ ಹೆಚ್ಚಿಲ್ಲ.

ಇಲ್ಲಿಯ ತತ್ತ್ವವನ್ನು ಗಮನಿಸಿ. ಡಿಎನ್‌ಎಯನ್ನು ಪೂರ್ತಿ ಓದಿದರೆ ನಿಮ್ಮಲ್ಲೂ ನನ್ನಲ್ಲೂ ಯಾವುದೋ ಒಂದೆರಡು ರೋಗಗಳ ಅಪ್ರಬಲ ಜೀನುಗಳು ಸಿಕ್ಕೇ ಸಿಗುತ್ತವೆ. ವಾಹಕರೆಲ್ಲ ಅನರ್ಹರು ಎಂದರೆ ದಾನಿಗಳೇ ಉಳಿಯುವುದಿಲ್ಲ. ಇಂತಹ ರೋಗಗಳಲ್ಲಿ ಅರ್ಹತೆಯನ್ನು ದಾನಿಯೊಬ್ಬನನ್ನೇ ನೋಡಿ ನಿರ್ಧರಿಸಲಾಗದು, ದಾನಿಯನ್ನೂ ತಾಯಿಯಾಗುವವಳನ್ನೂ ಒಟ್ಟಿಗೆ ನೋಡಬೇಕು. ನಿಯಮಾವಳಿ ಹೆಸರಿಸುವ ಸೋಂಕುಗಳಷ್ಟೇ ಖಚಿತವಾಗಿ, ಕನಿಷ್ಠ ಥಲಸ್ಸೀಮಿಯಾ ಮತ್ತು ಕುಡುಗೋಲು ಕಣ ರೋಗಗಳ ಮಟ್ಟಿಗಾದರೂ ಇಬ್ಬರ ಪರೀಕ್ಷೆಯನ್ನೂ ಕಡ್ಡಾಯ ಮಾಡಬೇಕು.

ಒಬ್ಬ ದಾನಿ, ಒಂದೇ ದಂಪತಿ

ಒಬ್ಬ ದಾನಿಯಿಂದ ಎಷ್ಟು ಕುಟುಂಬಗಳು? 2012ರ ಹಿಂದಿ ಚಲನಚಿತ್ರ ‘ವಿಕ್ಕಿ ಡೋನರ್’ ನೋಡಿದವರಿಗೆ ನಾಯಕನ ಲೆಕ್ಕವಿಲ್ಲದ ದಾನಗಳು ನೆನಪಿರಬಹುದು. ಕಾಯ್ದೆ ಅದನ್ನು ಇನ್ನೊಂದು ತುದಿಗೆ ಒಯ್ದು ಒಂದೇ ದಂಪತಿಗೆ ಸೀಮಿತಗೊಳಿಸಿದೆ. ಬ್ರಿಟನ್ನಿನಲ್ಲಿ ಮಿತಿ 10 ಕುಟುಂಬಗಳು. ಅಮೆರಿಕದ ಸಂತಾನ ವೈದ್ಯರ ಸಂಘ 8 ಲಕ್ಷ ಜನಸಂಖ್ಯೆಗೆ 25 ಜನನಗಳು ಎಂಬ ಸಲಹೆ ಕೊಟ್ಟಿದೆ.

ಮಿತಿ ಏಕೆ ಬೇಕು? ಒಬ್ಬನೇ ದಾನಿಯಿಂದ ಹುಟ್ಟಿದ ಹುಡುಗ ಹುಡುಗಿಯರು ತಿಳಿಯದೆ ಮದುವೆಯಾಗಬಾರದು ಎಂಬುದು ಒಂದು ಕಾರಣ. ಸ್ಥೂಲವಾಗಿ ಲೆಕ್ಕ ಹಾಕೋಣ. 10 ಕುಟುಂಬಗಳಲ್ಲಿ ತಲಾ ಒಂದು ಮಗು, 5 ಗಂಡು, 5 ಹೆಣ್ಣು ಎಂದುಕೊಳ್ಳಿ. ಸಾಧ್ಯವಿರುವ ಜೋಡಿಗಳು 25. ಪ್ರತಿ ಹುಡುಗಿಯೂ ಒಂದು ಲಕ್ಷ ವರಗಳ ನಡುವೆ ಯಾದೃಚ್ಛಿಕವಾಗಿ ಗಂಡನನ್ನು ಪಡೆದರೆ, ಇಂಥ ಮದುವೆ ನಡೆಯುವ ಸಂಭಾವ್ಯತೆ 4,000ಕ್ಕೆ ಒಂದು. ಆದರೆ ನಮ್ಮಲ್ಲಿ ಮದುವೆ ಯಾದೃಚ್ಛಿಕವಲ್ಲ. ಜಾತಿ, ಪಂಗಡ, ಊರು, ಭಾಷೆ ಎಲ್ಲವನ್ನೂ ನೋಡಿ ವರ ಹುಡುಕುತ್ತಾರೆ. ದಾನಿಯನ್ನೂ ತಮ್ಮನ್ನೇ ಹೋಲುವಂತೆ ಕೇಳುತ್ತಾರೆ. ವರಗಳ ಸಂಖ್ಯೆ ಒಂದು ಲಕ್ಷದ ಬದಲು 2,000 ಎಂದಾದರೆ ಸಂಭಾವ್ಯತೆ 80ಕ್ಕೆ ಒಂದಾಗುತ್ತದೆ. ಆದ್ದರಿಂದ ಬ್ರಿಟನ್ನಿನ ಅಂಕಿಯನ್ನು ಇಲ್ಲಿಗೆ ಹಾಗೆಯೇ ತರಲಾಗದು.

ಆದರೆ ಒಂದು ವಿಷಯವಿದೆ. ಈ ಸಂಭಾವ್ಯತೆ ಕುಟುಂಬಗಳ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. 10ರಿಂದ 4ಕ್ಕೆ ಇಳಿಸಿದರೆ ಜೋಡಿಗಳು 25ರಿಂದ 4ಕ್ಕೆ ಇಳಿಯುತ್ತವೆ. 2,000 ವರಗಳ ಸಣ್ಣ ವಲಯದಲ್ಲೂ ಸಂಭಾವ್ಯತೆ 500ಕ್ಕೆ ಒಂದಾಗುತ್ತದೆ. ಈ ಅಪಾಯದ ತೀವ್ರತೆಯನ್ನೂ ತೂಗಿ ನೋಡಬೇಕು. ಒಂದೇ ತಂದೆಯ, ಬೇರೆ ಬೇರೆ ತಾಯಂದಿರ ಮಕ್ಕಳು ಹಂಚಿಕೊಳ್ಳುವುದು ನಾಲ್ಕರಲ್ಲೊಂದು ಭಾಗ ಜೀನುಗಳನ್ನು. ಸೋದರಮಾವ ಮತ್ತು ಅಕ್ಕನ ಮಗಳು ಹಂಚಿಕೊಳ್ಳುವುದೂ ಅಷ್ಟನ್ನೇ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ನವಜಾತ ಶಿಶುಗಳ ತಪಾಸಣೆಯೊಂದಿಗೆ ನಡೆದ ಅಧ್ಯಯನದಲ್ಲಿ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದ್ದಾಗಿತ್ತು. ಸೋದರಮಾವನ ಮದುವೆಗಳು ಅದರಲ್ಲಿ ದೊಡ್ಡ ಪಾಲು. ಸಾಮಾಜಿಕ ಅರ್ಥ ಬೇರೆ, ನಿಜ. ಜೈವಿಕ ಲೆಕ್ಕ ಮಾತ್ರ ಒಂದೇ. ಕುಟುಂಬಗಳು ಕೂಡಿ ಕುಳಿತು ನಿಶ್ಚಯಿಸುವ ಮದುವೆಯಲ್ಲಿ ನಾವು ಸಹಿಸಿಕೊಂಡ ಅಪಾಯವನ್ನು, ನೂರಾರರಲ್ಲಿ ಒಂದು ಆಕಸ್ಮಿಕದಲ್ಲಿ ಸಂಪೂರ್ಣ ಸೊನ್ನೆಗೆ ಇಳಿಸಬೇಕೆನ್ನುವುದು ಸಮತೋಲದ ಮಾತಲ್ಲ.

ಮಿತಿಗೆ ಎರಡನೆಯ ಕಾರಣವೂ ಇದೆ, ಅದು ಹೆಚ್ಚು ಗಂಭೀರವಾದದ್ದು. ಡೆನ್ಮಾರ್ಕಿನ ಒಂದು ವೀರ್ಯ ಬ್ಯಾಂಕಿನ ದಾನಿಯೊಬ್ಬ ಎಲ್ಲ ತಪಾಸಣೆಗಳಲ್ಲೂ ತೇರ್ಗಡೆಯಾಗಿದ್ದ, ಆರೋಗ್ಯವಂತನಾಗಿದ್ದ. ಆದರೆ ಅವನ ವೀರ್ಯಾಣುಗಳ ಒಂದು ಪಾಲಿನಲ್ಲಿ ಕ್ಯಾನ್ಸರ್ ತಡೆಯುವ ಟಿಪಿ53 ಜೀನು ಕೆಟ್ಟಿತ್ತು. 2025ರ ಮೇ ತಿಂಗಳಲ್ಲಿ ಯೂರೋಪಿನ ತಳಿವಿಜ್ಞಾನಿಗಳ ಸಮ್ಮೇಳನದಲ್ಲಿ ಮಂಡಿತವಾದ ವರದಿಯಂತೆ ಅವನಿಂದ ಹುಟ್ಟಿದ 67 ಮಕ್ಕಳಲ್ಲಿ 23 ಮಕ್ಕಳಿಗೆ ಆ ಜೀನು ದಾಟಿತ್ತು, 10 ಮಕ್ಕಳಿಗೆ ಕ್ಯಾನ್ಸರ್ ಬಂದಿತ್ತು. ಅದೇ ವರ್ಷ ಡಿಸೆಂಬರ್ ಹೊತ್ತಿಗೆ ಅವನ ಮಕ್ಕಳ ಸಂಖ್ಯೆ ಕನಿಷ್ಠ 197 ಎಂದು ಪತ್ರಕರ್ತರ ತನಿಖೆ ತೋರಿಸಿತು. ದಾನದ ಕಾಲದ ಪರೀಕ್ಷೆಗಳಲ್ಲಿ ಇದು ಸಿಗುವಂತಿರಲಿಲ್ಲ. ಅರ್ಹತೆಯ ಜರಡಿ ಎಷ್ಟೇ ಸಣ್ಣದಿರಲಿ, ಯಾವುದೋ ಒಂದು ದೋಷ ಅದರಿಂದ ತೂರಿ ಹೋಗಬಹುದು. ಹಾಗೆ ಹೋದದ್ದು ಎಷ್ಟು ಮನೆಗಳನ್ನು ಮುಟ್ಟುತ್ತದೆ ಎಂಬುದನ್ನು ನಿರ್ಧರಿಸುವುದು ಕುಟುಂಬಗಳ ಮಿತಿಯೇ. ಈ ದೃಷ್ಟಿಯಿಂದ ನಮ್ಮ ಕಾಯ್ದೆಯ ಎಚ್ಚರಿಕೆಯನ್ನು ಮೆಚ್ಚಬೇಕು.

ಆದರೂ ‘ಒಂದೇ’ ಎಂಬುದಕ್ಕೆ ಬೆಲೆ ತೆರಬೇಕಾಗುತ್ತದೆ. ಡೆನ್ಮಾರ್ಕ್ ಮತ್ತು ಅಮೆರಿಕದಲ್ಲಿ ದಾನಿಗಳಾಗಲು ಮುಂದೆ ಬಂದ 11,000ಕ್ಕೂ ಹೆಚ್ಚು ಮಂದಿಯ ವಿವರ 2023ರಲ್ಲಿ ಪ್ರಕಟವಾಯಿತು. ಕೊನೆಗೆ ದಾನಿಗಳಾದವರು ನೂರಕ್ಕೆ ನಾಲ್ವರಿಗಿಂತ ಕಡಿಮೆ. ಅರ್ಧಕ್ಕೂ ಹೆಚ್ಚು ಜನ ನಡುವೆಯೇ ಹಿಂದೆ ಸರಿದಿದ್ದರು. ಇದೇ ಪ್ರಮಾಣ ಇಲ್ಲಿಯೂ ಎಂದುಕೊಂಡರೆ, 4 ಕುಟುಂಬಗಳ ಮಿತಿಯಲ್ಲಿ 100 ದಂಪತಿಗಳಿಗೆ 25 ದಾನಿಗಳು, ಅವರಿಗಾಗಿ 625 ಮಂದಿಯ ತಪಾಸಣೆ ಸಾಕು. ಒಂದೇ ಕುಟುಂಬದ ಮಿತಿಯಲ್ಲಿ 2,500 ಮಂದಿ ಬೇಕು. ಆರು ತಿಂಗಳು ಕಾದು, ಎರಡು ಬಾರಿ ಪರೀಕ್ಷಿಸಿ ಸಿದ್ಧವಾದ ಉತ್ತಮ ವೀರ್ಯದ ಉಳಿಕೆಯನ್ನು ಚೆಲ್ಲಬೇಕು. ಈ ಒತ್ತಡದಲ್ಲಿ ಬ್ಯಾಂಕುಗಳು ಜರಡಿಯನ್ನೇ ಸಡಿಲಿಸಬಹುದು, ಅಥವಾ ಒಬ್ಬನೇ ದಾನಿಯನ್ನು ಕಡತದಲ್ಲಿ ಹಲವರನ್ನಾಗಿಸಬಹುದು. ಪಾಲಿಸಲಾಗದ ಕಟ್ಟುನಿಟ್ಟಿಗಿಂತ ಪಾಲಿಸಬಹುದಾದ ಮಿತಿ ಮಗುವಿಗೆ ಹೆಚ್ಚು ರಕ್ಷಣೆ ಕೊಡುತ್ತದೆ.

ಅರ್ಹತೆಯಲ್ಲದ ಅರ್ಹತೆಗಳು

ವಿದ್ಯಾರ್ಹತೆ, ಮೈಬಣ್ಣ, ಉದ್ಯೋಗ ಇವನ್ನು ದಾಖಲಿಸುವುದು ಬೇರೆ, ಗುಣವೆಂದು ಮಾರುವುದು ಬೇರೆ. ಇದರ ಅತಿರೇಕವನ್ನು ಕ್ಯಾಲಿಫೋರ್ನಿಯಾ ಕಂಡಿದೆ. ರಾಬರ್ಟ್ ಗ್ರಹಾಂ ಎಂಬ ಉದ್ಯಮಿ ನೊಬೆಲ್ ಪುರಸ್ಕೃತರ ವೀರ್ಯ ಸಂಗ್ರಹಿಸಲು ಬ್ಯಾಂಕೊಂದನ್ನು ತೆರೆದ. 1980ರಲ್ಲಿ ಅದು ಸುದ್ದಿಯಾದಾಗ, ತಾನು ದಾನಿಯೆಂದು ಬಹಿರಂಗವಾಗಿ ಒಪ್ಪಿಕೊಂಡ ಏಕೈಕ ವಿಜೇತ ವಿಲಿಯಂ ಶಾಕ್ಲಿ. ಟ್ರಾನ್ಸಿಸ್ಟರಿನ ಮೂವರು ಜನಕರಲ್ಲೊಬ್ಬ, ನಮ್ಮ ಭೌತವಿಜ್ಞಾನಿ. ಆಗ ಅವನ ವಯಸ್ಸು 70. ಅಂದರೆ ಜೀವವಿಜ್ಞಾನ ನಿಜವಾಗಿ ಕೇಳುವ ವಯಸ್ಸಿನ ಅರ್ಹತೆಯಲ್ಲಿ ಅವನು ಅನುತ್ತೀರ್ಣ, ಬ್ಯಾಂಕು ಕೇಳಿದ ಅರ್ಹತೆಯಲ್ಲಿ ಪ್ರಥಮ ದರ್ಜೆ. ನೊಬೆಲ್ ವಿಜೇತರ ವೀರ್ಯದಿಂದ ಅಲ್ಲಿ ಒಂದು ಮಗುವೂ ಹುಟ್ಟಲಿಲ್ಲ. 1999ರಲ್ಲಿ ಬ್ಯಾಂಕು ಮುಚ್ಚಿತು. ನಮ್ಮಲ್ಲೂ ‘ಎಂಜಿನಿಯರ್ ದಾನಿ ಬೇಕು, ಬೆಳ್ಳಗಿರಬೇಕು’ ಎಂದು ಕೇಳುವವರಿಗೆ ಈ ಕಥೆ ಗೊತ್ತಿರಲಿ. ಪದವಿ ಪ್ರಮಾಣಪತ್ರ ವೀರ್ಯಾಣುವಿನಲ್ಲಿ ಹೋಗುವುದಿಲ್ಲ.

ಮಗುವಿನ ಪಾಲಿಗೆ ಏನು?

ಈ ಒಪ್ಪಂದದಲ್ಲಿ ದಾನಿ ಸಹಿ ಹಾಕುತ್ತಾನೆ, ದಂಪತಿ ಸಹಿ ಹಾಕುತ್ತಾರೆ. ಮಗುವಿಗೆ ಆ ಅವಕಾಶವಿಲ್ಲ. ಅರ್ಹತೆಯ ತಪಾಸಣೆ ದಾನದ ದಿನಕ್ಕೆ ಮುಗಿಯುತ್ತದೆ, ದಾನಿಯ ದೇಹ ಮುಂದೆಯೂ ಬದುಕುತ್ತದೆ. 25ರಲ್ಲಿ ಆರೋಗ್ಯವಂತನಾಗಿದ್ದ ದಾನಿಗೆ 45ರಲ್ಲಿ ಆನುವಂಶಿಕ ಹೃದ್ರೋಗವೋ ಕರುಳಿನ ಕ್ಯಾನ್ಸರೋ ಕಾಣಿಸಿದರೆ ಅದು 20 ವರ್ಷದ ಮಗುವಿಗೆ ಜೀವ ಉಳಿಸುವ ಮಾಹಿತಿ. ಡೆನ್ಮಾರ್ಕಿನ ಪ್ರಕರಣದಲ್ಲಿ ಮಕ್ಕಳ ರೋಗದಿಂದಲೇ ದೋಷ ಬೆಳಕಿಗೆ ಬಂದಿತು. ಬೆಳಕಿಗೆ ಬಂದ ಮೇಲೆ ಉಳಿದ ಮಕ್ಕಳನ್ನು ಹುಡುಕಿ ತಿಳಿಸಲು ಕಡತಗಳಿದ್ದವು. ನಮ್ಮಲ್ಲಿ ಇಂತಹ ಸುದ್ದಿ ಎರಡೂ ದಿಕ್ಕಿನಲ್ಲಿ ಹರಿಯಲು ದಾರಿ ಎಲ್ಲಿದೆ? ತಮ್ಮ ಆರೋಗ್ಯಕ್ಕೆ ಸಂಬಂಧಿಸಿದ ದಾನಿಯ ವೈದ್ಯಕೀಯ ಮಾಹಿತಿ ಪಡೆಯುವ ಹಕ್ಕು ಮಕ್ಕಳಿಗಿದೆ ಎಂದು 2005ರ ಮಾರ್ಗಸೂಚಿ ಹೇಳಿತ್ತು. ಸ್ವೀಡನ್ 1985ರಲ್ಲೇ ಇನ್ನೂ ಮುಂದೆ ಹೋಗಿ ದಾನಿಯ ಗುರುತನ್ನೇ ತಿಳಿಯುವ ಹಕ್ಕು ಕೊಟ್ಟಿತು. 2005ರ ಏಪ್ರಿಲ್‌ನಿಂದ ಬ್ರಿಟನ್ ಅದನ್ನೇ ಮಾಡಿತು. ಗುರುತಿನ ಪ್ರಶ್ನೆಯಲ್ಲಿ ನಮ್ಮ ಸಮಾಜದಲ್ಲಿ ಭಿನ್ನಾಭಿಪ್ರಾಯವಿರಬಹುದು. ರೋಗದ ಮಾಹಿತಿಯಲ್ಲಿ ಭಿನ್ನಾಭಿಪ್ರಾಯಕ್ಕೆ ಕಾರಣವಿಲ್ಲ. ಹೆಸರನ್ನು ಮರೆಮಾಡಿಯೂ ಅದನ್ನು ತಲುಪಿಸಬಹುದು. ಕಾಯ್ದೆ ರಾಷ್ಟ್ರೀಯ ನೋಂದಣಿ ವ್ಯವಸ್ಥೆಯನ್ನು ಒದಗಿಸಿದೆ, ದಾನಿಯ ಗುರುತಿನ ಸಂಖ್ಯೆಯೂ ಬ್ಯಾಂಕಿನ ಬಳಿ ಇರುತ್ತದೆ. ಬೇಕಿರುವುದು ಆ ಎರಡನ್ನೂ ಈ ಕೆಲಸಕ್ಕೆ ಬಳಸುವ ನಿಯಮ.

ಇಷ್ಟು ಚರ್ಚೆಯಿಂದ ಹೊರಡುವ ಸಲಹೆಗಳು ನಾಲ್ಕು. ದಾನಿಯ ಮೇಲ್ಮಿತಿಯನ್ನು 45ಕ್ಕೆ ಮರಳಿಸಿ, ಸಾಧ್ಯವಾದರೆ 40ಕ್ಕೆ ಇಳಿಸಬೇಕು. ಥಲಸ್ಸೀಮಿಯಾ ಮತ್ತು ಕುಡುಗೋಲು ಕಣ ರೋಗಗಳ ಪರೀಕ್ಷೆಯನ್ನು ದಾನಿ ಮತ್ತು ಮಹಿಳೆ ಇಬ್ಬರಿಗೂ ಕಡ್ಡಾಯ ಮಾಡಬೇಕು. ಒಂದು ದಂಪತಿಯ ಮಿತಿಯನ್ನು, ರಾಷ್ಟ್ರೀಯ ನೋಂದಣಿಯ ಕಟ್ಟುನಿಟ್ಟಿನ ಲೆಕ್ಕದೊಂದಿಗೆ, ಮೂರು ಅಥವಾ ನಾಲ್ಕಕ್ಕೆ ಏರಿಸಬೇಕು. ದಾನಿಯ ಮುಂದಿನ ಆರೋಗ್ಯದ ಸುದ್ದಿ ಮಗುವಿಗೂ, ಮಗುವಿನ ರೋಗದ ಸುದ್ದಿ ಬ್ಯಾಂಕಿಗೂ ತಲುಪುವ ವ್ಯವಸ್ಥೆಯಾಗಬೇಕು. ಮೂರು ಅಥವಾ ನಾಲ್ಕು ಎಂಬ ಅಂಕಿಯನ್ನು ನಾನು ಮೇಲಿನ ಸ್ಥೂಲ ಲೆಕ್ಕದಿಂದ ಪಡೆದಿದ್ದೇನೆ. ಜನಸಂಖ್ಯಾ ತಜ್ಞರು ನಮ್ಮ ಮದುವೆಯ ರೂಢಿಗಳ ನಿಜವಾದ ಅಂಕಿಗಳನ್ನು ಹಾಕಿ ಇದಕ್ಕಿಂತ ಉತ್ತಮವಾದುದನ್ನು ಕೊಡಬಲ್ಲರು. ನಿಯಮಗಳನ್ನು ಮುಂದಿನ ಬಾರಿ ತಿದ್ದುವಾಗ ಪ್ರತಿ ಅಂಕಿಯ ಪಕ್ಕದಲ್ಲಿ ಅದರ ಲೆಕ್ಕವನ್ನೂ ಪ್ರಕಟಿಸಿದರೆ, ಅದನ್ನು ಪರಿಶೀಲಿಸುವ ಕೆಲಸವನ್ನು ಓದುಗರಾದ ನೀವೂ ಮಾಡಬಹುದು.